ರೈಸ್ ಪೇಪರ್ ಪ್ಯಾಕೆಟ್ ರಿವ್ಯೂ: ಮನೇಲಿ ಫ್ರೆಶ್ ವೀಗನ್ ಸ್ಪ್ರಿಂಗ್ ರೋಲ್ ಮಾಡೋರು ಯಾವ್ದು ತಗೋಬೇಕು, ಹೇಗೆ ಬಳಸಬೇಕು

ಮೊದಲೇ ಹೇಳಿಬಿಡ್ತೀನಿ, ಮೈದಾ ಹಾಳೇಲಿ ಎಲೆಕೋಸು ತುಂಬಿ ಎಣ್ಣೇಲಿ ಕರೀತಾರಲ್ಲ, ಆ ಸ್ಪ್ರಿಂಗ್ ರೋಲ್ ವಿಷಯ ಅಲ್ಲ ಇದು. ಕರಿಯೋ ಕೆಲಸವೇ ಇಲ್ಲದ, ಒಳಗಿರೋ ಸೊಪ್ಪು ಕ್ಯಾರೆಟ್ ಎಲ್ಲಾ ಹೊರಗಿಂದ್ಲೇ ಕಾಣಿಸೋ ವಿಯೆಟ್ನಾಂ ಕಡೆ ಫ್ರೆಶ್ ರೋಲ್ ಇದೆಯಲ್ಲ, ಅಲ್ಲಿನೋರು ಗೋಯ್ ಕುವೋನ್ ಅಂತಾರೆ, ಅಮೆರಿಕದ ಹೋಟೆಲ್ ಮೆನುಲಿ ಸಮ್ಮರ್ ರೋಲ್ ಅಂತಾನೂ ಬರೆದಿರ್ತಾರೆ, ಅದನ್ನ ಸುತ್ತೋ ರೈಸ್ ಪೇಪರ್ ಪ್ಯಾಕೆಟ್ ಬಗ್ಗೆ ಈ ರಿವ್ಯೂ. ನಾನು ಒಂದೇ ಬ್ರ್ಯಾಂಡ್ ಹೆಸರು ಹೇಳಿ ಅದನ್ನೇ ತಗೊಳ್ಳಿ ಅನ್ನಲ್ಲ, ಯಾಕಂದ್ರೆ ಇಲ್ಲಿ ಅಮೆರಿಕದಲ್ಲಿ ಸಿಗೋ ಬ್ರ್ಯಾಂಡು ಬೆಂಗಳೂರಲ್ಲಿ ಸಿಗಲ್ಲ, ಅಲ್ಲಿ ಸಿಗೋದು ಮೈಸೂರಲ್ಲಿ ಸಿಗಲ್ಲ. ಆದ್ರೆ ಪ್ಯಾಕೆಟ್ ಹಿಂದೆ ಏನಿದೆ ಅಂತ ನೋಡೋಕೆ ಗೊತ್ತಿದ್ರೆ ಎಲ್ಲಿದ್ರೂ ಸರಿಯಾದ್ದು ಆರಿಸ್ಕೋಬಹುದು. ಅಡಿಗೆಮನೇಲಿ ಇಷ್ಟು ಕಮ್ಮಿ ದುಡ್ಡಿಗೆ ಇಷ್ಟು ಉಪಯೋಗಕ್ಕೆ ಬರೋ ಬೇರೆ ಪ್ಯಾಕೆಟ್ ನಮ್ಮನೇಲಂತೂ ಇಲ್ಲ.

ನಾವಿರೋದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಲಿ. ವಿಯೆಟ್ನಾಂ ದೇಶ ಬಿಟ್ಟರೆ ಬೇರೆ ಯಾವ ಒಂದು ಊರಲ್ಲೂ ಇಲ್ಲಿರೋಷ್ಟು ವಿಯೆಟ್ನಾಮೀಸ್ ಜನ ಇಲ್ಲ, ಒಂದು ಲಕ್ಷಕ್ಕೂ ಮೇಲಿದ್ದಾರೆ, 1975ರಲ್ಲಿ ವಿಯೆಟ್ನಾಂ ಯುದ್ಧದ ಕೊನೇಲಿ ಸೈಗಾನ್, ಅಂದ್ರೆ ಈಗಿನ ಹೋ ಚಿ ಮಿನ್ ಸಿಟಿ, ಬಿದ್ದ ಮೇಲೆ ಬಂದು ನೆಲೆಸಿದೋರು, ಅವರ ಮಕ್ಕಳು, ಮೊಮ್ಮಕ್ಕಳು. ಕನ್ನಡದೋರೂ ಈ ಬೇ ಏರಿಯಾದಲ್ಲಿ ಬೇಕಾದಷ್ಟು ಜನ ಇದ್ದೀವಿ, ಆದ್ರೆ ನಮ್ಮಲ್ಲಿ ಎಷ್ಟೋ ಜನ ಇಂಡಿಯನ್ ಸ್ಟೋರಿಂದ ಮನೆಗೆ ಮನೆಯಿಂದ ಇಂಡಿಯನ್ ಸ್ಟೋರಿಗೆ ಓಡಾಡ್ತೀವೇ ಹೊರತು ಸ್ಟೋರಿ ರೋಡ್ ಕಡೆ, ಟಲ್ಲಿ ರೋಡ್ ಕಡೆ ಇರೋ ವಿಯೆಟ್ನಾಮೀಸ್ ಅಂಗಡಿಗಳಿಗೆ ಕಾಲಿಡಲ್ಲ. ದಯವಿಟ್ಟು ಒಂದ್ಸಲ ಹೋಗಿ. ಬಾಳೆ ಹೂವು, ಬಾಳೆ ಎಲೆ, ಹಲಸಿನಕಾಯಿ, ಕೆಸುವಿನ ದಂಟು, ನುಗ್ಗೆ ಸೊಪ್ಪು, ಹಾಗಲಕಾಯಿ ಎಲ್ಲಾ ಅಲ್ಲಿ ಸಿಗತ್ತೆ, ರೇಟೂ ಕಮ್ಮಿ. ರೈಸ್ ಪೇಪರ್‌ಗೆ ಅಂತಾನೇ ಒಂದು ಸಾಲು ಪೂರ್ತಿ ಇರತ್ತೆ, ಕೆಳಗಿನ ಹಲಗೆಯಿಂದ ಮೇಲಿನ ಹಲಗೆವರೆಗೂ, ಗುಂಡಗಿರೋದು, ಚೌಕ, ಸಣ್ಣದು, ದೊಡ್ಡದು, ಬಿಳಿ, ಕಂದು. ಮೊದಲ ಸಲ ನೋಡೋರಿಗೆ ಯಾವುದನ್ನ ಎತ್ಕೋಬೇಕು ಅಂತ ತಲೆ ಕೆಡೋದು ಸಹಜ, ಅದಕ್ಕೇ ಇಷ್ಟುದ್ದ ಬರೀತಿರೋದು.

ಈ ಹಾಳೆ ಹೇಗೆ ಮಾಡ್ತಾರೆ ಅಂತ ಗೊತ್ತಾದ್ರೆ ಬಳಸೋದು ತಾನಾಗೇ ಅರ್ಥ ಆಗತ್ತೆ. ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿ ತೆಳ್ಳಗೆ ಹಿಟ್ಟು ಮಾಡ್ಕೋತಾರೆ, ಕುದಿಯೋ ನೀರಿನ ಹಂಡೆ ಬಾಯಿಗೆ ಬಟ್ಟೆ ಬಿಗಿದು ಕಟ್ಟಿರ್ತಾರೆ, ಆ ಬಟ್ಟೆ ಮೇಲೆ ಒಂದು ಸೌಟು ಹಿಟ್ಟು ಹಾಕಿ ಸೌಟಿನ ತಳದಲ್ಲೇ ಗುಂಡಗೆ ಸವರಿ ಮುಚ್ಚಳ ಮುಚ್ತಾರೆ, ಅರ್ಧ ನಿಮಿಷಕ್ಕೆಲ್ಲಾ ಹಬೇಲಿ ಬೆಂದಿರತ್ತೆ, ಬಿದಿರು ಕೋಲಲ್ಲಿ ಮೆಲ್ಲಗೆ ಎತ್ತಿ ಬಿದಿರಿನ ತಡಿಕೆ ಮೇಲೆ ಹರಡಿ ಬಿಸಿಲಿಗಿಡ್ತಾರೆ. ನಮ್ಮ ಕಡೆ ಬೇಸಿಗೇಲಿ ಅಕ್ಕಿ ಹಿಟ್ಟು ತಟ್ಟೇಲಿ ಸವರಿ ಹಬೇಲಿ ಬೇಯಿಸಿ ಬಿಡಿಸಿ ಒಣಗಿಸ್ತಾರಲ್ಲ, ಆ ತಟ್ಟೆ ಸಂಡಿಗೆ ಕಥೇನೇ ಇದು, ಖಾರ ಜೀರಿಗೆ ಇಲ್ಲ ಅಷ್ಟೇ. ಹಾಳೇನ ಕಿಟಕಿ ಬೆಳಕಿಗೆ ಹಿಡಿದು ನೋಡಿ, ಒಂದು ಕಡೆ ಸಣ್ಣ ಸಣ್ಣ ಚೌಕ ಗೆರೆ ಕಾಣಿಸತ್ತೆ, ಅದು ಆ ಬಿದಿರು ತಡಿಕೆಯ ಗುರುತು. ಅಲ್ಲಿ ಇದನ್ನ ಬಾನ್ ಟ್ರಾಂಗ್ ಅಂತಾರೆ, ಸೈಗಾನಿಂದ ಕಾಂಬೋಡಿಯ ಕಡೆ ಹೋಗೋ ದಾರೀಲಿರೋ ತೈ ನಿನ್ ಪ್ರಾಂತ್ಯದ ಟ್ರಾಂಗ್ ಬಾಂಗ್ ಇದಕ್ಕೇ ಹೆಸರಾದ ಊರು. ಅಲ್ಲಿಯ ಸ್ಪೆಷಲ್ ಏನಂದ್ರೆ ಒಣಗಿದ ಹಾಳೇನ ಕೆಂಡದ ಬಿಸೀಲಿ ಸುಟ್ಟು, ಆಮೇಲೆ ರಾತ್ರಿ ಇಬ್ಬನಿಗೆ ಹಿಡಿದು ಮೆತ್ತಗೆ ಮಾಡ್ತಾರೆ, ಅದಕ್ಕೆ ನೀರೇ ಬೇಡ, ಹಾಗೇ ಸುತ್ಕೋಬಹುದು. ಆ ತರದ್ದು ಪ್ಯಾಕೆಟ್‌ನಲ್ಲಿ ಸಿಗೋದು ಅಪರೂಪ, ನಮಗೆ ಸಿಗೋದು ಬಹುತೇಕ ಫ್ಯಾಕ್ಟರೀಲಿ ಮಾಡಿ ಒಣಗಿಸಿರೋ ಗರಿ ಗರಿ ಹಾಳೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ, ಪ್ಯಾಕೆಟ್ ಹಿಂದಿನ ಸಾಲು. ಅಲ್ಲಿ ಇರಬೇಕಾದ್ದು ಮೂರ್ನಾಲ್ಕೇ ಪದಾರ್ಥ, ಅಕ್ಕಿ, ಟ್ಯಾಪಿಯೋಕ, ಉಪ್ಪು, ನೀರು. ಟ್ಯಾಪಿಯೋಕ ಅಂದ್ರೆ ಮರಗೆಣಸಿನ ಹಿಟ್ಟು, ನಮ್ಮ ಸಬ್ಬಕ್ಕಿ ಮಾಡೋದೂ ಅದರಿಂದ್ಲೇ, ಹೆದರೋ ಅಂಥದ್ದೇನೂ ಅಲ್ಲ. ಬರೀ ಅಕ್ಕೀದೇ ಶುದ್ಧ ಅಂದ್ಕೊಂಡು ಅದನ್ನ ಹುಡುಕಿ ತರೋರು ಇದ್ದಾರೆ, ಫ್ರೆಶ್ ರೋಲಿಗೆ ಮಾತ್ರ ನಾನು ಅದನ್ನ ಸಲಹೆ ಮಾಡಲ್ಲ. ಬರೀ ಅಕ್ಕಿ ಹಾಳೆ ಒದ್ದೆಯಾದ್ಮೇಲೆ ಎಳೆದ್ರೆ ಹಿಗ್ಗಲ್ಲ, ಹರಿಯತ್ತೆ, ನೋಡೋಕೂ ಬೆಳ್ಳಗೆ ಮಂಕಾಗಿರತ್ತೆ. ಅದು ಕರಿಯೋಕೆ ಒಳ್ಳೇದು, ಗರಿಗರಿ ಜಾಸ್ತಿ ಬರತ್ತೆ. ಟ್ಯಾಪಿಯೋಕ ಸೇರಿದ್ರೆ ಹಾಳೆ ರಬ್ಬರ್ ತರ ಸ್ವಲ್ಪ ಎಳೆಯೋಕೆ ಬರತ್ತೆ, ಗಾಜಿನಷ್ಟು ತಿಳಿಯಾಗಿ ಒಳಗಿಂದೆಲ್ಲಾ ಕಾಣಿಸತ್ತೆ, ಬಿಗಿಯಾಗಿ ಸುತ್ತಿದ್ರೂ ತಡ್ಕೊಳತ್ತೆ. ಆದ್ರೆ ಪೂರ್ತಿ ಟ್ಯಾಪಿಯೋಕನೇ ಇದ್ರೆ ಅಗಿಯೋವಾಗ ಹಲ್ಲಿಗೆ ಅಂಟ್ಕೊಳತ್ತೆ, ಅಕ್ಕಿ ರುಚಿ ಸುಳಿವೂ ಇರಲ್ಲ. ಎರಡೂ ಇರೋದು, ಯಾವುದು ಮೊದಲು ಬರೆದಿದ್ರೂ ಪರವಾಗಿಲ್ಲ, ಅದು ತಗೊಳ್ಳಿ. ಕಂದು ಅಕ್ಕೀದು ಕೂಡ ಬರತ್ತೆ, ರುಚಿ ಚೆನ್ನಾಗಿದೆ, ಒಂಚೂರು ದಪ್ಪ, ನೆನೆಯೋಕೆ ಹೊತ್ತು ಜಾಸ್ತಿ ತಗೊಳತ್ತೆ, ಮೊದಲ ಸಲಕ್ಕೆ ಬೇಡ, ಕೈ ಕುದುರಿದ ಮೇಲೆ ತಗೊಳ್ಳಿ.

ಸೈಜು 16 ಸೆಂಟಿಮೀಟರಿಂದ 31ವರೆಗೂ ಬರತ್ತೆ, ಮನೆಗೆ 22 ಸೆಂಟಿಮೀಟರ್ ಗುಂಡಂದು ಸರಿಯಾದ ಅಳತೆ, ಊಟದ ತಟ್ಟೆ ಒಳಗೆ ಕೂರತ್ತೆ, ಒಂದು ರೋಲು ಕೈಯಲ್ಲಿ ಹಿಡಿದು ನಾಲ್ಕೈದು ಕಚ್ಚಿಗೆ ಮುಗಿಯತ್ತೆ. ಇದು ಒಂದು ಹಾಳೆ ಸುಮಾರು 10 ಗ್ರಾಂ ಬರತ್ತೆ, ಅಂದ್ರೆ 340 ಗ್ರಾಂ ಪ್ಯಾಕೆಟ್‌ನಲ್ಲಿ ಮೂವತ್ತಕ್ಕೂ ಮೇಲೆ ಹಾಳೆ. ಇಲ್ಲಿ ವಿಯೆಟ್ನಾಮೀಸ್ ಅಂಗಡೀಲಿ ಎರಡು ಮೂರು ಡಾಲರ್, ಅದೇ ದೊಡ್ಡ ಅಮೆರಿಕನ್ ಸೂಪರ್‌ಮಾರ್ಕೆಟ್‌ನಲ್ಲಿ ಅದರರ್ಧ ಹಾಳೆ ಇರೋ ಚಿಕ್ಕ ಪ್ಯಾಕೆಟ್ಟಿಗೆ ಇನ್ನೂ ಜಾಸ್ತಿ ಕೇಳ್ತಾರೆ. ಹೋಟೆಲಲ್ಲಿ ಎರಡು ರೋಲಿಗೆ ಏಳೆಂಟು ಡಾಲರ್ ಆಗತ್ತೆ. ಲೆಕ್ಕ ನೀವೇ ಹಾಕ್ಕೊಳ್ಳಿ.

ಅಂಗಡೀಲಿ ಎತ್ಕೊಳ್ಳೋ ಮುಂಚೆ ಪ್ಯಾಕೆಟ್ ಪಕ್ಕಕ್ಕೆ ತಿರುಗಿಸಿ ಅಂಚು ನೋಡಿ, ಅಂಚೆಲ್ಲಾ ಚೂರು ಚೂರಾಗಿದ್ರೆ ವಾಪಸ್ ಇಡಿ. ಅಂಚು ಒಡೆದ ಹಾಳೆ ನೆನೆಸಿದಾಗ ಆ ಬಿರುಕಿಂದ್ಲೇ ಹರಿಯೋಕೆ ಶುರು ಆಗತ್ತೆ. ಮೇಲಿನ ಹಲಗೇಲಿರೋದಕ್ಕಿಂತ ಕೆಳಗೆ ಮಲಗಿಸಿ ಜೋಡಿಸಿರೋದು ಸಾಮಾನ್ಯವಾಗಿ ಚೆನ್ನಾಗಿರತ್ತೆ, ಬಿದ್ದಿರಲ್ಲ. ಮನೆಗೆ ತಂದ್ಮೇಲೆ ಓಪನ್ ಮಾಡಿದ ಪ್ಯಾಕೆಟ್ ಗಾಳಿ ಆಡದ ಹಾಗೆ ಕವರಲ್ಲಿ ಹಾಕಿ ಮಲಗಿಸಿಡಿ, ನಿಲ್ಲಿಸಿಟ್ರೆ ಬಾಗತ್ತೆ. ಒಣಗಿದ ಪದಾರ್ಥ ಆದ್ರಿಂದ ತಿಂಗಳುಗಟ್ಟಲೆ ಕೆಡಲ್ಲ, ತೇವ ಒಂದು ತಾಗಬಾರದು.

ನೆನೆಸೋ ಹದ ಬಗ್ಗೆ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಈ ಪ್ರಾಡಕ್ಟಿಗೆ ಒಂದು ಸ್ಟಾರ್ ಕೊಟ್ಟು ಬೈಯೋರೆಲ್ಲಾ ಇಲ್ಲೇ ಸಿಕ್ಕಿಹಾಕ್ಕೊಳ್ಳೋದು. ಕೆಲವು ಪ್ಯಾಕೆಟ್ ಮೇಲೆ ಬಿಸಿ ನೀರಲ್ಲಿ ಮೆತ್ತಗಾಗೋವರೆಗೂ ನೆನೆಸಿ ಅಂತ ಪ್ರಿಂಟ್ ಮಾಡಿರ್ತಾರೆ, ಅದನ್ನ ನಂಬಬೇಡಿ. ನೀರಲ್ಲಿರೋವಾಗ್ಲೇ ಮೆತ್ತಗಾಯ್ತು ಅಂದ್ರೆ ಸುತ್ತೋ ಹಲಗೆಗೆ ಬರೋ ಹೊತ್ತಿಗೆ ಅದು ಹದ ಮೀರಿರತ್ತೆ, ಕೈಗೆ ಅಂಟಿ ಮಡಚ್ಕೊಂಡು ಮುದ್ದೆ ಆಗತ್ತೆ. ಅಗಲದ ತಟ್ಟೇಲಿ ಉಗುರುಬೆಚ್ಚಗಿನ ನೀರು, ಇಲ್ಲಾ ಬರೀ ನಲ್ಲಿ ನೀರಾದ್ರೂ ಸರಿ, ಹಾಳೆ ಅದರಲ್ಲಿ ಮುಳುಗಿಸಿ, ತಿರುಗಿಸಿ, ತೆಗೀರಿ. ಮೂರ್ನಾಲ್ಕು ಸೆಕೆಂಡ್ ಸಾಕು. ತೆಗೆದಾಗ ಇನ್ನೂ ಪ್ಲಾಸ್ಟಿಕ್ ಶೀಟಿನಷ್ಟು ಗಟ್ಟಿ ಇರತ್ತೆ, ಇರಬೇಕು. ನೀರು ಸೋರಿಸಿ ಹಲಗೆ ಮೇಲೆ ಹಾಸಿ, ನಯವಾದ ಕಡೆ ಕೆಳಗೆ, ಗೆರೆ ಇರೋ ಕಡೆ ಮೇಲೆ. ಹೂರಣ ಜೋಡಿಸ್ತಾ ಇರೋವಾಗ್ಲೇ ಮೇಲೆ ಅಂಟಿರೋ ನೀರನ್ನ ಅದು ತಾನೇ ಕುಡಿದು ಮೆತ್ತಗಾಗತ್ತೆ, ನೀವು ಸುತ್ತೋ ಹೊತ್ತಿಗೆ ಸರಿಯಾಗಿ ಸ್ವಲ್ಪ ಅಂಟು, ಸ್ವಲ್ಪ ಎಳೆತ ಬಂದಿರತ್ತೆ. ಬೆರಳಲ್ಲಿ ಅಂಚು ಎತ್ತಿ ನೋಡಿ, ಬಟ್ಟೆ ಬಗ್ಗಿದ ಹಾಗೆ ಬಗ್ಗಬೇಕು, ಆದ್ರೆ ತನ್ನ ಮೇಲೆ ತಾನು ಬಿದ್ದು ಅಂಟ್ಕೋಬಾರದು. ಕುದಿಯೋ ನೀರಂತೂ ಬೇಡವೇ ಬೇಡ. ಹಲಗೆ ಪ್ಲಾಸ್ಟಿಕ್‌ದಾದ್ರೆ ಒದ್ದೆ ಕೈ ಆಡಿಸಿ ಸಾಕು, ಮರದ್ದಾದ್ರೆ ಒದ್ದೆ ಬಟ್ಟೆ ಹಾಸ್ಕೊಳ್ಳಿ. ಇದಕ್ಕೆ ಅಂತ ಅರ್ಧ ಚಂದ್ರಾಕಾರದ ನೀರಿನ ಪಾತ್ರೆ ಕೂಡ ಇಲ್ಲಿ ಮಾರ್ತಾರೆ, ಹಾಳೆ ನಿಲ್ಲಿಸಿ ತಿರುಗಿಸೋಕೆ, ಟೇಬಲ್ ಮೇಲೆ ಜಾಗ ಕಮ್ಮಿ ಇದ್ರೆ ಉಪಯೋಗ ಇದೆ, ಇಲ್ಲಾಂದ್ರೆ ಅದಕ್ಕೆ ದುಡ್ಡು ಹಾಕೋದು ದಂಡ.

ವೀಗನ್ ವಿಷಯ. ನಮ್ಮನೇಲಿ ಮಗಳು ಹಾಲು ಮೊಸರು ತುಪ್ಪ ಎಲ್ಲಾ ಬಿಟ್ಟಿದ್ದಾಳೆ, ಜೇನೂ ತಿನ್ನಲ್ಲ, ಹೊರಗೆ ಊಟಕ್ಕೆ ಹೋದ್ರೆ ಅವಳು ಪ್ರತಿಯೊಂದಕ್ಕೂ ಕೇಳಿ ಕೇಳಿ ಆರ್ಡರ್ ಮಾಡಬೇಕು. ರೈಸ್ ಪೇಪರ್ ಹಾಳೆಯಂತೂ ವೀಗನ್ನೇ, ಅದರಲ್ಲಿ ಸೇರಿಸೋಕೆ ಏನೂ ಇಲ್ಲ. ತೊಂದರೆ ಇರೋದು ಸಾಸಲ್ಲಿ. ಒಂದು ಹೋಟೆಲಲ್ಲಿ ವೆಜ್ ಅಂತಾನೇ ಬರೆದಿದ್ದ ರೋಲ್ ಜೊತೆ ತಂದಿಟ್ಟ ತಿಳಿ ಸಾಸ್ ಫಿಶ್ ಸಾಸ್ ಹಾಕಿ ಮಾಡಿದ್ದು ಅಂತ ಕೇಳಿದ ಮೇಲೆ ಗೊತ್ತಾಯ್ತು, ಅವರ ದೃಷ್ಟೀಲಿ ರೋಲೊಳಗೆ ಮಾಂಸ ಇಲ್ಲ ಅಂದ್ರೆ ವೆಜ್ಜು, ಅದ್ದಿಕೊಳ್ಳೋದು ಲೆಕ್ಕಕ್ಕಿಲ್ಲ. ನಮಗೆ ಹಾಗಲ್ಲ. ಸಣ್ಣ ಮೀನನ್ನ ಉಪ್ಪಲ್ಲಿ ತಿಂಗಳುಗಟ್ಟಲೆ ಹುದುಗಿಸಿ ತೆಗೆಯೋ ರಸ ಅದು, ವೀಗನ್ನೋರಿಗೂ ಆಗಲ್ಲ, ನಮ್ಮ ತರ ಹುಟ್ಟಾ ಸಸ್ಯಾಹಾರಿಗಳಿಗೂ ಆಗಲ್ಲ. ಮನೇಲಿ ಮಾಡ್ಕೊಂಡ್ರೆ ಈ ಕೇಳೋ ಕಾಟವೇ ಇಲ್ಲ.

ಹಾಗಂತ ವಿಯೆಟ್ನಾಂ ಅಡಿಗೇಲಿ ನಮಗೆ ಜಾಗ ಇಲ್ಲ ಅಂತ ತಿಳ್ಕೋಬೇಡಿ. ಅಲ್ಲಿ ಬೌದ್ಧರದ್ದು ಚಾಯ್ ಅನ್ನೋ ದೊಡ್ಡ ಸಸ್ಯಾಹಾರ ಪದ್ಧತಿಯೇ ಇದೆ, ಚಾಂದ್ರಮಾನ ತಿಂಗಳ ಮೊದಲ ದಿನ, ಹದಿನೈದನೇ ದಿನ, ಅಂದ್ರೆ ಹೆಚ್ಚುಕಮ್ಮಿ ನಮ್ಮ ಅಮಾವಾಸ್ಯೆ ಹುಣ್ಣಿಮೆ, ಎಷ್ಟೋ ಮನೇಲಿ ಆ ಎರಡು ದಿನ ಮಾಂಸ ಮೀನು ಮುಟ್ಟಲ್ಲ. ಕಟ್ಟುನಿಟ್ಟಾಗಿ ಮಾಡೋರು ಈರುಳ್ಳಿ ಬೆಳ್ಳುಳ್ಳಿನೂ ಹಾಕಲ್ಲ, ನಮ್ಮಲ್ಲಿ ಏಕಾದಶಿ, ಹಬ್ಬ, ಪೂಜೆ ಅಡಿಗೆಗೆ ಹಾಕಲ್ಲ ಅಲ್ವಾ, ಅವರಿಗೂ ಆ ನೇಮ ಇದೆ. ಸ್ಯಾನ್ ಹೋಸೆಲಿ ಚಾಯ್ ಅಂತ ಬೋರ್ಡ್ ಹಾಕಿರೋ ಹೋಟೆಲ್‌ಗಳೇ ಇವೆ, ಅಂಗಡೀಲಿ ಬಾಟಲಿ ಪ್ಯಾಕೆಟ್ ಮೇಲೂ ಆ ಪದ ಇರತ್ತೆ. ಮೀನಿಲ್ಲದ ಚಾಯ್ ಫಿಶ್ ಸಾಸ್ ಕೂಡ ಸಿಗತ್ತೆ, ಸೋಯಾಬೀನ್ ಇಲ್ಲಾ ಅನಾನಸಿಂದ ಮಾಡಿರ್ತಾರೆ, ಉಪ್ಪುಪ್ಪಾಗಿ ಒಳ್ಳೇ ಘಮ. ಒಂದು ಎಚ್ಚರಿಕೆ, ಚಾಯ್ ಅಂತ ಇರೋದರಲ್ಲೂ ಕೆಲವೊಮ್ಮೆ ಮೊಟ್ಟೆ ಹಾಲಿನ ಪುಡಿ ಇರಬಹುದು, ಅದರಲ್ಲೂ ನಕಲಿ ಮಾಂಸದ ಪ್ಯಾಕೆಟ್‌ಗಳಲ್ಲಿ, ಓದಿ ತಗೊಳ್ಳಿ.

ಒಳಗೆ ಏನಿಡೋದು? ಸೊಪ್ಪೇ ಇದರ ಜೀವ, ಇದನ್ನ ನಾನು ಎಷ್ಟು ಸಲ ಬೇಕಾದ್ರೂ ಹೇಳ್ತೀನಿ. ಬರೀ ಕ್ಯಾರೆಟ್ ಸೌತೆಕಾಯಿ ತುಂಬಿ ಸುತ್ತಿದ್ರೆ ಅದು ಸಲಾಡ್ ಪೊಟ್ಟಣ ಅಷ್ಟೇ. ಪುದೀನ, ಥಾಯ್ ಬೇಸಿಲ್, ಕೊತ್ತಂಬರಿ ಇಷ್ಟಾದ್ರೂ ಇರಲೇಬೇಕು, ಅದೂ ಹೆಚ್ಚಿ ಹಾಕೋದಲ್ಲ, ಇಡೀ ಎಲೆ. ವಿಯೆಟ್ನಾಮೀಸ್ ಅಂಗಡಿಗೆ ಹೋದ್ರೆ ಸೊಪ್ಪಿನ ಕಡೆ ಇನ್ನೂ ಇವೆ, ತಿಯಾ ತೋ ಅಂತ ಒಂದು, ಎಲೆ ಮೇಲೆ ಹಸಿರು ಕೆಳಗೆ ನೇರಳೆ, ಕಚ್ಚಿದ್ರೆ ಸೋಂಪು ನಿಂಬೆ ಎರಡರ ನೆನಪೂ ಬರತ್ತೆ, ರೋಲ್ ಹೊರಗಿಂದ ನೇರಳೆ ಬಣ್ಣ ಕಾಣಿಸೋ ಹಾಗೆ ಇಟ್ಟರೆ ಬಲು ಚಂದ. ರಾವ್ ರಾಮ್ ಅನ್ನೋದು ಚೂಪು ಎಲೆ, ಕೊತ್ತಂಬರಿಗಿಂತ ಖಾರ, ಒಂದೆರಡೇ ಎಲೆ ಸಾಕು. ಝೀಪ್ ಕಾ ಅಂತ ಹೃದಯದ ಆಕಾರದ ಎಲೆ ಒಂದಿದೆ, ಅದು ಸೊಪ್ಪೇ ಆದ್ರೂ ಮೀನಿನ ವಾಸನೆ ಹೊಡೆಯತ್ತೆ, ಸಸ್ಯಾಹಾರಿಗಳು ತರೋ ಮುಂಚೆ ಒಂದೆಲೆ ಉಜ್ಜಿ ಮೂಸಿ ನೋಡಿ. ಬೆಂಗಳೂರಲ್ಲಿರೋರು ಇವೆಲ್ಲಾ ಸಿಗಲ್ಲ ಅಂತ ಬೇಜಾರು ಮಾಡ್ಕೋಬೇಡಿ, ಪುದೀನ ಕೊತ್ತಂಬರಿ ಜೊತೆ ಎರಡೆಳೆ ಸಬ್ಬಸಿಗೆ ಸೊಪ್ಪು ಇಡಿ, ಉತ್ತರ ವಿಯೆಟ್ನಾಂನಲ್ಲೂ ಅಡಿಗೆಗೆ ಸಬ್ಬಸಿಗೆ ಬಳಸ್ತಾರೆ, ಹೊರಗಿನದ್ದು ತುರುಕಿದ ಹಾಗಾಗಲ್ಲ. ತುಳಸಿ ಮಾತ್ರ ಬೇಡ, ಹಸಿ ತುಳಸಿ ಘಾಟು ಉಳಿದಿದ್ದನ್ನೆಲ್ಲಾ ನುಂಗಿಬಿಡತ್ತೆ.

ಆಮೇಲೆ ಅಕ್ಕಿ ಶಾವಿಗೆ, ಅಲ್ಲಿ ಬುನ್ ಅಂತಾರೆ. ಒಣ ಶಾವಿಗೆ ಕುದಿಯೋ ನೀರಲ್ಲಿ ಬೇಯಿಸಿ ತಕ್ಷಣ ತಣ್ಣೀರಲ್ಲಿ ಎರಡು ಸಲ ತೊಳೆದು ಪೂರ್ತಿ ಸೋರಿಸಿ, ಒದ್ದೆ ಉಳಿದ್ರೆ ರೋಲೊಳಗೆ ನೀರು ಬಿಡತ್ತೆ. ಮನೇಲಿ ಒತ್ತು ಶಾವಿಗೆ ಮಾಡೋ ಅಭ್ಯಾಸ ಇರೋರು ಅದನ್ನೇ ಆರಿಸಿ ಹಾಕಬಹುದು, ನನಗಂತೂ ಅದೇ ಇನ್ನೂ ಇಷ್ಟ, ಮೆತ್ತಗೆ ಬಾಯಿಗೆ ಹಿತ. ಗಟ್ಟಿ ತೋಫು, ಅಂದ್ರೆ ಸೋಯಾ ಪನೀರು, ಅದನ್ನ ಭಾರ ಇಟ್ಟು ನೀರು ಹಿಂಡಿ ಬೆರಳುದ್ದ ಕತ್ತರಿಸಿ ತವಾ ಮೇಲೆ ಸ್ವಲ್ಪ ಎಣ್ಣೇಲಿ ನಾಲ್ಕೂ ಕಡೆ ಕೆಂಪಗೆ ಮಾಡಿ, ಇಳಿಸೋ ಮುಂಚೆ ಒಂದು ಚಮಚ ಸೋಯಾ ಸಾಸ್ ಸುರಿದ್ರೆ ಸುಯ್ ಅಂತ ಹೀರ್ಕೊಳತ್ತೆ. ಇಡೀ ಅಡಿಗೇಲಿ ಒಲೆ ಹಚ್ಚೋದು ಈ ಶಾವಿಗೆ, ತೋಫು, ಆಮೇಲೆ ಒಂದು ಸಾಸಿಗೆ, ಅಷ್ಟೇ. ಸೌತೆಕಾಯಿ ಬೀಜದ ಭಾಗ ತೆಗೀರಿ. ಕ್ಯಾರೆಟ್ ಕಡ್ಡಿಗಿಂತ ಸಣ್ಣಗೆ. ಬೆಣ್ಣೆಹಣ್ಣು, ಬೀಟ್ರೂಟ್, ಕೆಂಪು ಎಲೆಕೋಸು, ಸೀಸನ್ನಲ್ಲಿ ಅರೆಹಣ್ಣು ಮಾವು, ಇವೆಲ್ಲಾ ನಿಮ್ಮಿಷ್ಟ.

ಸುತ್ತೋದು. ಹಾಳೇಲಿ ನಿಮ್ಮ ಕಡೆಯಿಂದ ಮೂರನೇ ಒಂದು ಭಾಗದಲ್ಲಿ ಮೊದಲು ಲೆಟಿಸ್ ಎಲೆ ಹಾಸಿ ಅದರೊಳಗೆ ಶಾವಿಗೆ, ಕ್ಯಾರೆಟ್, ತೋಫು, ಸೊಪ್ಪು ಇಟ್ಟು ಆ ಎಲೇನೇ ಒಂದು ಸುತ್ತು ಮಡಚಿಬಿಡಿ. ಹೀಗೆ ಮಾಡೋದಕ್ಕೆ ಕಾರಣ ಇದೆ, ಕ್ಯಾರೆಟ್ ತುದಿ ಹಾಳೆಗೆ ಚುಚ್ಚಿ ತೂತು ಮಾಡಲ್ಲ, ಕೈಗೂ ಹಿಡಿತ ಸಿಗತ್ತೆ. ಇನ್ನೊಂದು ಬದಿ, ಅಂದ್ರೆ ಕೊನೇಲಿ ಸುತ್ತು ಮುಗಿಯೋ ಕಡೆ, ಚೆನ್ನಾಗಿ ಕಾಣಿಸಬೇಕಾದ್ದು ಇಡಿ, ತಿಯಾ ತೋ ಎಲೆ, ಬೀಟ್ರೂಟ್ ಬಿಲ್ಲೆ, ಕೆಂಪಗಾದ ತೋಫು, ಮುಖ ಕೆಳಗೆ ಮಾಡಿ. ಕೆಳಗಿನ ಅಂಚು ಎತ್ತಿ ಹೂರಣದ ಮೇಲೆ ಹಾಕಿ ಬೆರಳಲ್ಲಿ ಒಳಕ್ಕೆ ಎಳ್ಕೊಳ್ಳಿ, ಎರಡು ಪಕ್ಕ ಮಡಚಿ, ಮುಂದಕ್ಕೆ ಉರುಳಿಸಿ. ಅಂಟಿಸೋಕೆ ನೀರೂ ಬೇಡ ಏನೂ ಬೇಡ, ತಾನೇ ಕೂರತ್ತೆ. ವಿಯೆಟ್ನಾಂ ಮನೆಗಳಲ್ಲಿ ಎಲ್ಲಾ ಮಾಡಿಟ್ಟು ಬಡಿಸೋದಕ್ಕಿಂತ ಎಷ್ಟೋ ಸಲ ಸಾಮಾನೆಲ್ಲಾ ಟೇಬಲ್ ಮಧ್ಯ ಇಟ್ಟು ಅವರವರೇ ಸುತ್ಕೊಂಡು ತಿಂತಾರೆ, ಮಕ್ಕಳಿರೋ ಮನೆಗೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ, ಹಸಿ ಸೊಪ್ಪು ಅಂದ್ರೆ ಮುಖ ತಿರುಗಿಸೋ ಮಕ್ಕಳೂ ತಾವು ಸುತ್ತಿದ್ದನ್ನ ಬಿಡಲ್ಲ.

ಸಾಸ್ ಎರಡು ಹೇಳ್ತೀನಿ. ಒಂದು ಗಟ್ಟಿ ಕಡಲೆಕಾಯಿ ಸಾಸ್, ಗೋಯ್ ಕುವೋನ್ ಜೊತೆ ಕೊಡೋದು ಹೆಚ್ಚಾಗಿ ಇದೇ. ಹೊಯ್ಸಿನ್ ಸಾಸ್ ಮೂರು ಚಮಚ, ಪೀನಟ್ ಬಟರ್ ಎರಡು ಚಮಚ, ನೀರು ನಾಲ್ಕೈದು ಚಮಚ, ಸಣ್ಣ ಉರೀಲಿ ಒಂದು ಕುದಿ, ಮೇಲೆ ಹುರಿದು ತರಿತರಿ ಕುಟ್ಟಿದ ಕಡಲೆಬೀಜ, ಹಸಿಮೆಣಸಿನಕಾಯಿ. ಹೊಯ್ಸಿನ್ ಅಂದ್ರೆ ಸೋಯಾಬೀನ್ ಹುದುಗಿಸಿ ಸಕ್ಕರೆ ಬೆಳ್ಳುಳ್ಳಿ ಹಾಕಿ ಮಾಡೋ ಕಪ್ಪು ಸಿಹಿ ಸಾಸ್, ಸಾಮಾನ್ಯವಾಗಿ ವೀಗನ್ನೇ, ಆದ್ರೆ ಅದೇ ಸಾಲಲ್ಲಿ ಅದೇ ಬಣ್ಣದ ಬಾಟಲೀಲಿ ಆಯ್ಸ್ಟರ್ ಸಾಸ್ ಇಟ್ಟಿರ್ತಾರೆ, ಅದು ಚಿಪ್ಪುಮೀನಿಂದು, ಹೆಸರು ಓದಿ ಎತ್ಕೊಳ್ಳಿ. ಹೊಯ್ಸಿನ್ ಬೇಡ ಅನ್ನೋರು ಕಡಲೆಬೀಜ, ಹುಣಸೆರಸ, ಬೆಲ್ಲ, ಒಣಮೆಣಸಿನಕಾಯಿ, ಸೋಯಾ ಸಾಸ್ ಹಾಕಿ ರುಬ್ಬಿದ್ರೂ ತುಂಬಾ ಚೆನ್ನಾಗಿರತ್ತೆ, ವಿಯೆಟ್ನಾಂದು ಅನ್ನೋಕಾಗಲ್ಲ, ಆದ್ರೆ ಬಟ್ಟಲು ಖಾಲಿ ಆಗತ್ತೆ. ಇನ್ನೊಂದು ತಿಳಿ ಸಾಸ್, ಸೋಯಾ ಸಾಸ್ ಎರಡು ಚಮಚ, ಸಕ್ಕರೆ ಎರಡು, ನಿಂಬೆರಸ ಎರಡು, ಬೆಚ್ಚಗಿನ ನೀರು ನಾಲ್ಕೈದು, ಸಣ್ಣಗೆ ಹೆಚ್ಚಿದ ಕೆಂಪು ಮೆಣಸಿನಕಾಯಿ, ಬೇಕಾದೋರಿಗೆ ಬೆಳ್ಳುಳ್ಳಿ. ಸೋಯಾ ಸಾಸ್ ಜಾಗದಲ್ಲಿ ಚಾಯ್ ಫಿಶ್ ಸಾಸ್ ಹಾಕಿದ್ರೆ ಹೋಟೆಲ್ ರುಚಿಗೆ ತೀರಾ ಹತ್ತಿರ ಬರತ್ತೆ. ಗೋಧಿ ಆಗದೋರು ಮನೇಲಿದ್ರೆ ಒಂದು ಮಾತು, ಹಾಳೇಲಿ ಗ್ಲೂಟೆನ್ ಇಲ್ಲ ಅಂತ ನೆಮ್ಮದಿಯಾಗಿರಬೇಡಿ, ಮಾಮೂಲಿ ಸೋಯಾ ಸಾಸಲ್ಲೂ ಹೆಚ್ಚಿನ ಹೊಯ್ಸಿನ್ನಲ್ಲೂ ಗೋಧಿ ಇರತ್ತೆ, ಗ್ಲೂಟೆನ್ ಇಲ್ಲ ಅಂತ ಬರೆದಿರೋ ತಮಾರಿ ಅನ್ನೋ ಸೋಯಾ ಸಾಸ್ ತಗೊಳ್ಳಿ.

ಈ ಪ್ರಾಡಕ್ಟಿನ ದೊಡ್ಡ ಕೊರತೆ ಏನಂದ್ರೆ ಇಟ್ಟು ತಿನ್ನೋಕಾಗಲ್ಲ. ಸುತ್ತಿದ ರೋಲ್ ಫ್ರಿಜ್ಜಿಗಿಟ್ರೆ ಹಾಳೆ ಚರ್ಮದ ತರ ಬಿರುಸಾಗತ್ತೆ. ಯಾವ ಬ್ರ್ಯಾಂಡ್ ತಂದ್ರೂ ಇದು ತಪ್ಪಲ್ಲ, ಬೆಂದ ಪಿಷ್ಟ ಫ್ರಿಜ್ಜಿನ ಥಂಡೀಲಿ ಮತ್ತೆ ಗಟ್ಟಿ ಕಟ್ಕೊಳತ್ತೆ, ರಾತ್ರಿ ಉಳಿದ ಅನ್ನ ಫ್ರಿಜ್ಜಿಂದ ತೆಗೆದಾಗ ಬಿರುಸಾಗಿರೋದೂ ಇದೇ ಕಾರಣಕ್ಕೆ. ಎರಡು ಗಂಟೆ ಒಳಗೆ ತಿನ್ನೋದಾದ್ರೆ ಹೊರಗೇ ಇಡಿ, ಒದ್ದೆ ಹಿಂಡಿದ ಬಟ್ಟೆ ಮುಚ್ಚಿ, ಒಂದಕ್ಕೊಂದು ತಾಗಬಾರದು, ತಾಗಿದ್ರೆ ಬಿಡಿಸೋವಾಗ ಎರಡೂ ಹರಿಯತ್ತೆ. ಮಕ್ಕಳ ಡಬ್ಬಿಗೆ ಹಾಕೋದಾದ್ರೆ ಪ್ರತಿ ರೋಲಿಗೂ ಹೊರಗೊಂದು ಲೆಟಿಸ್ ಎಲೆ ಸುತ್ತಿ, ಅದನ್ನೂ ಸೇರಿಸಿ ತಿನ್ನಬಹುದು. ಕನ್ನಡ ಕೂಟದ ಪಾಟ್‌ಲಕ್ಕಿಗೆ ದೊಡ್ಡ ಟ್ರೇ ಮಾಡ್ಕೊಂಡು ಹೋಗೋರಿಗೆ ನನ್ನ ಸಲಹೆ, ಹೂರಣ ಎಲ್ಲಾ ಹಿಂದಿನ ರಾತ್ರಿ ಹೆಚ್ಚಿ ಡಬ್ಬಿಗಳಲ್ಲಿ ಫ್ರಿಜ್ಜಿಗಿಡಿ, ಶಾವಿಗೆ ಬೇಯಿಸೋದು, ಸುತ್ತೋದು ಎರಡೂ ಆವತ್ತೇ, ಇನ್ನೊಬ್ಬರು ಜೊತೆಗಿದ್ದು ಒಬ್ಬರು ಅದ್ದಿ ಒಬ್ಬರು ಸುತ್ತಿದ್ರೆ ಮಾತಾಡ್ತಾ ಮಾತಾಡ್ತಾ ಮುಗಿದೇ ಹೋಗತ್ತೆ.

ಬೆಂಗಳೂರಲ್ಲಿ ಹುಡುಕೋರಿಗೆ. ದೊಡ್ಡ ಸೂಪರ್‌ಮಾರ್ಕೆಟ್‌ಗಳ ಇಂಪೋರ್ಟೆಡ್ ಸಾಲಲ್ಲಿ, ಆನ್‌ಲೈನಲ್ಲಿ ಸಿಗತ್ತೆ, ರೇಟು ಇಲ್ಲಿಗಿಂತ ಜಾಸ್ತಿ. ಆನ್‌ಲೈನಲ್ಲಿ ತರಿಸೋವಾಗ ಎರಡು ನೋಡಿ. ಒಂದು, ಸ್ಪ್ರಿಂಗ್ ರೋಲ್ ಶೀಟ್ ಅಂತ ಫ್ರೋಜನ್ ಬರೋದು ಮೈದಾದ್ದು, ಕರಿಯೋಕೆ, ಇದಕ್ಕೆ ಆಗಲ್ಲ, ನಿಮಗೆ ಬೇಕಾಗಿರೋದು ಒಣಗಿದ ರೈಸ್ ಪೇಪರ್. ಎರಡು, ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ವೀಗನ್ ಅಲ್ಲ, ಹಾಲು ಹಾಕಿದ್ದಕ್ಕೂ ಹಸಿರು ಚುಕ್ಕೇನೇ, ಹಾಳೆಗೆ ಇದು ಪ್ರಶ್ನೆ ಆಗಲ್ಲ ಆದ್ರೆ ಸಾಸ್ ತಗೊಳ್ಳೋವಾಗ ಆಗತ್ತೆ, ವೀಗನ್‌ಗೆ ಅಂತ ಬೇರೆ ಗುರುತೇ ಈಗ ನಮ್ಮ ದೇಶದಲ್ಲಿದೆ, ಅದನ್ನ ನೋಡಿ. ಆಂಧ್ರದ ಪೂತರೇಕುಲು ಹಾಳೆ ಕೂಡ ಅಕ್ಕೀದೇ ಅಲ್ವಾ ಅದಾಗಲ್ವಾ ಅಂತ ನಮ್ಮ ಅತ್ತೆ ಫೋನಲ್ಲಿ ಕೇಳಿದ್ರು, ಒಳ್ಳೇ ಪ್ರಶ್ನೆ, ಆದ್ರೆ ಅದು ಬಿಸಿ ಮಡಕೆ ಮೇಲೆ ಎಳೆದ ತೀರಾ ತೆಳು ಪೊರೆ, ನೀರಲ್ಲಿ ಅದ್ದಿದ್ರೆ ಕೈಗೇ ಸಿಗಲ್ಲ.

ಕೊನೇಗೆ ಒಡೆದ ಹಾಳೆಗಳ ವಿಷಯ. ಪ್ರತಿ ಪ್ಯಾಕೆಟ್‌ನಲ್ಲೂ ಒಂದೆರಡು ಇದ್ದೇ ಇರತ್ತೆ, ಬಿಸಾಕಬೇಡಿ. ಚೂರು ಮಾಡಿ ಚೆನ್ನಾಗಿ ಕಾದ ಎಣ್ಣೆಗೆ ಒಣಗಿದ್ದನ್ನೇ ಹಾಕಿ, ಕಣ್ಣು ಮಿಟುಕಿಸೋದ್ರೊಳಗೆ ಬೆಳ್ಳಗೆ ಅರಳತ್ತೆ, ಉಪ್ಪು ಖಾರದಪುಡಿ ಉದುರಿಸಿದ್ರೆ ಸಾರನ್ನಕ್ಕೆ ನಂಚ್ಕೊಳ್ಳೋಕೆ ಆಯ್ತು. ಕರಿಯೋದು ಬೇಡ ಅಂದ್ರೆ ಸೈಗಾನ್ ಬೀದೀಲಿ ಕಾಲೇಜ್ ಮಕ್ಕಳು ಕವರಲ್ಲಿ ಹಾಕಿಸ್ಕೊಂಡು ತಿನ್ನೋ ಬಾನ್ ಟ್ರಾಂಗ್ ಟ್ರೋನ್ ತರ ಮಾಡಬಹುದು, ಕತ್ತರೀಲಿ ಉದ್ದುದ್ದ ಪಟ್ಟಿ ಕತ್ತರಿಸಿ, ಹುಳಿ ಮಾವಿನಕಾಯಿ ತುರಿ, ಕಡಲೆಬೀಜ, ರಾವ್ ರಾಮ್ ಇಲ್ಲಾ ಕೊತ್ತಂಬರಿ, ಉಪ್ಪು, ಮೆಣಸಿನಪುಡಿ, ನಿಂಬೆರಸ, ಒಂಚೂರು ಎಣ್ಣೆ ಹಾಕಿ ಕೈಯಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟರೆ ಆ ರಸದಲ್ಲೇ ಹಾಳೆ ಮೆತ್ತಗಾಗತ್ತೆ. ಅಲ್ಲಿ ಅದಕ್ಕೆ ಒಣ ಸೀಗಡಿ, ಮೊಟ್ಟೆ ಹಾಕ್ತಾರೆ, ನಾವು ಬಿಡ್ತೀವಿ.

ಐದಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಕಮ್ಮಿ ಮಾಡಿದ್ದು ಮಾರನೇ ದಿನಕ್ಕೆ ಉಳಿಯಲ್ಲ ಅನ್ನೋದಕ್ಕೆ, ಮತ್ತೆ ಪ್ಯಾಕೆಟ್ ಮೇಲೆ ಬಿಸಿ ನೀರಲ್ಲಿ ನೆನೆಸಿ ಅಂತ ಇನ್ನೂ ಪ್ರಿಂಟ್ ಮಾಡ್ತಾ ಇರೋದಕ್ಕೆ.